ಸಿಬಿಲ್ ಇಲ್ಲದವರಿಗೆ ಮೊದಲ ಕ್ರೆಡಿಟ್ ಕಾರ್ಡ್: ಯಾವುದು ಮೊದಲು, ಯಾವುದು ಆಮೇಲೆ

ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಬಂದು ಹೇಳುವ ಕಥೆ ಹೆಚ್ಚು ಕಡಿಮೆ ಒಂದೇ. ಆ್ಯಪ್‌ನಲ್ಲಿ 'ನಿಮಗಾಗಿ ಕಾರ್ಡ್ ಸಿದ್ಧವಿದೆ' ಅಂತ ಬಂತು, ಅರ್ಜಿ ಹಾಕಿದೆ, ಎರಡೇ ದಿನಕ್ಕೆ ರಿಜೆಕ್ಟ್ ಆಯಿತು. ಇನ್ನೊಂದು ಬ್ಯಾಂಕಿಗೆ ಹಾಕಿದೆ, ಅದೂ ಹೋಯಿತು. ಸಾಲ ಮಾಡಿಲ್ಲ ಅಂತ ಸಾಲ ಕೊಡುವುದಿಲ್ಲ, ಕೊಡದೆ ಇತಿಹಾಸ ಎಲ್ಲಿಂದ ಬರಬೇಕು?

ನನ್ನ ಚಿಕ್ಕಮ್ಮನ ಮಗ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದ್ದ. ಐದೂ ಹೋದವು. ಆಮೇಲೆ ಇಬ್ಬರೂ ಕೂತು ಅವನ ಕ್ರೆಡಿಟ್ ರಿಪೋರ್ಟ್ ತೆಗೆದೆವು. ಯಾರು ಎಷ್ಟು ಸಾಲ ತೆಗೆದರು, ಹೇಗೆ ಕಟ್ಟಿದರು ಅನ್ನುವ ದಾಖಲೆ ಅದು. ಸಾಲಗಳು ಇರಬೇಕಾದ ಜಾಗ ಪೂರ್ತಿ ಖಾಲಿ. ಕೆಳಗೆ ಎನ್‌ಕ್ವೈರಿ, ಅಂದರೆ ಅರ್ಜಿ ಬಂದಾಗ ಯಾವ ಬ್ಯಾಂಕು ರಿಪೋರ್ಟ್ ನೋಡಿತು ಅನ್ನುವ ಭಾಗದಲ್ಲಿ ಮಾತ್ರ ಐದು ಸಾಲು, ಐದು ಬ್ಯಾಂಕಿನ ಹೆಸರು, ಎಲ್ಲವೂ ಒಂದೇ ವಾರದ ತಾರೀಖು. ಆರನೇ ಬ್ಯಾಂಕಿನವರು ಅದನ್ನು ನೋಡಿದರೆ ಏನಂದುಕೊಳ್ಳುತ್ತಾರೆ? ಈ ಮನುಷ್ಯನಿಗೆ ದುಡ್ಡಿನ ತುರ್ತು ಜಾಸ್ತಿ ಇದೆ ಅಂತ. ಅವನ ಸಂಬಳದಲ್ಲಿ ಏನೂ ಕೊರತೆ ಇರಲಿಲ್ಲ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದ, ಅಷ್ಟೇ.

ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಅರ್ಜಿ ಹಾಕುವುದು ನಾಲ್ಕನೇ ಹಂತದಲ್ಲಿ ಬರುತ್ತದೆ.

ಕೈಯಲ್ಲಿ ಏನೇನು ಇರಬೇಕು

- ಆಧಾರ್ ಜೊತೆ ಲಿಂಕ್ ಆಗಿರುವ ಪ್ಯಾನ್
- ಆಧಾರ್‌ಗೆ ಜೋಡಿಸಿದ, ಈಗಲೂ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್
- ಸಂಬಳದವರಾದರೆ ಮೂರು ತಿಂಗಳ ಪೇಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ವಂತ ಅಂಗಡಿ, ವ್ಯಾಪಾರದವರಾದರೆ ಐಟಿ ರಿಟರ್ನ್
- ಎಫ್‌ಡಿ ದಾರಿ (ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆಯುವುದು) ಹಿಡಿಯುವುದಾದರೆ 20ರಿಂದ 25 ಸಾವಿರ ರೂಪಾಯಿ. ಒಂದು ವರ್ಷ ಮುಟ್ಟದೆ ಇರಬಹುದಾದ ದುಡ್ಡಾಗಿರಬೇಕು.

ಹಂತ 1: ನಿಮ್ಮ ರಿಪೋರ್ಟ್ ನಿಜವಾಗಿ ಖಾಲಿ ಇದೆಯಾ ನೋಡಿ

ನಾವೆಲ್ಲ 'ಸಿಬಿಲ್' ಅಂತ ಒಂದೇ ಹೆಸರು ಹೇಳುತ್ತೇವೆ. ಆದರೆ ಭಾರತದಲ್ಲಿ ಜನರ ಸಾಲದ ಲೆಕ್ಕ ಇಡುವ ಇಂಥ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಆರ್‌ಬಿಐ ನಿಯಮದ ಪ್ರಕಾರ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಅವರ ಸ್ವಂತ ವೆಬ್‌ಸೈಟಿಗೇ ಹೋಗಿ ತೆಗೆಯಿರಿ. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಸ್ಕೋರ್ (ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ) ಕಮ್ಮಿ ಆಗುವುದಿಲ್ಲ, ಆ ಭಯ ಬೇಡ.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಇತಿಹಾಸವೇ ಇಲ್ಲದವರಿಗೆ ಅಲ್ಲಿ -1 ಅಂತಲೋ ಎನ್‌ಎಚ್ (ನೋ ಹಿಸ್ಟರಿ) ಅಂತಲೋ ಕಾಣುತ್ತದೆ. ಅದನ್ನು ಕೆಟ್ಟ ಸ್ಕೋರ್ ಅಂದುಕೊಂಡು ಹೆದರುವವರು ಬಹಳ. 'ಇವರ ಬಗ್ಗೆ ನಮಗೆ ಮಾಹಿತಿ ಇಲ್ಲ' ಅನ್ನುವುದಷ್ಟೇ ಅದರ ಅರ್ಥ.

ಈ ಹಂತವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 'ನಾನು ಯಾವ ಸಾಲವನ್ನೂ ಮಾಡಿಲ್ಲ' ಅನ್ನುವ ಎಷ್ಟೋ ಜನರ ರಿಪೋರ್ಟ್ ಖಾಲಿ ಇರುವುದಿಲ್ಲ. ಅಪ್ಪನ ಜೊತೆ ಸಹಿ ಹಾಕಿದ ಎಜುಕೇಶನ್ ಲೋನ್ ಇರುತ್ತದೆ. ಹೆಸರಿಗೆ ತೆಗೆದ ಬೆಳೆ ಸಾಲ ಇರುತ್ತದೆ. ಸ್ನೇಹಿತನ ಬೈಕ್ ಲೋನಿಗೆ ಜಾಮೀನು ನಿಂತದ್ದು ಇರುತ್ತದೆ. ಬ್ಯಾಂಕಿನಲ್ಲಿಟ್ಟ ಚಿನ್ನದ ಸಾಲವೂ ಬರುತ್ತದೆ. ಆನ್‌ಲೈನ್ ಖರೀದಿಯಲ್ಲಿ 'ಆಮೇಲೆ ಕಟ್ಟಿ' ಅಂತ ಒತ್ತಿ ಮರೆತ ಇನ್ನೂರು ಮುನ್ನೂರು ರೂಪಾಯಿ ಎಷ್ಟೋ ಸಲ ಬಾಕಿ ಅಂತ ಕೂತಿರುತ್ತದೆ. ಅಂಥದ್ದು ಸಿಕ್ಕರೆ ಮೊದಲು ಅದನ್ನು ತೀರಿಸಿ, ರಸೀದಿ ಇಟ್ಟುಕೊಳ್ಳಿ.

ನಿಮ್ಮದಲ್ಲದ ಸಾಲ ಕಂಡರೆ ಅದೇ ವೆಬ್‌ಸೈಟಿನಲ್ಲಿ ತಕರಾರು ಹಾಕಬಹುದು. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ತಕರಾರು ತೀರುವ ತನಕ ಅರ್ಜಿ ಹಾಕಬೇಡಿ.

ಫೋನ್‌ಪೇ, ಗೂಗಲ್ ಪೇ, ಡೆಬಿಟ್ ಕಾರ್ಡ್ ಎಷ್ಟು ಬಳಸಿದರೂ ಇಲ್ಲಿ ಬರುವುದಿಲ್ಲ. ಅದು ನಿಮ್ಮದೇ ದುಡ್ಡು, ಸಾಲ ಅಲ್ಲ. ಅಪ್ಪನ ಅಥವಾ ಗಂಡನ ಕಾರ್ಡಿನ ಮೇಲೆ ಆ್ಯಡ್-ಆನ್ ಕಾರ್ಡ್ ತೆಗೆದುಕೊಂಡರೆ ಇತಿಹಾಸ ಆಗುತ್ತದೆ ಅಂತಲೂ ಲೆಕ್ಕ ಹಾಕಬೇಡಿ. ಅದರ ಬಿಲ್ಲಿಗೆ ಹೊಣೆ ಮೂಲ ಕಾರ್ಡಿನವರು.

ಹಂತ 2: ಹೆಸರು, ವಿಳಾಸ ಸರಿ ಮಾಡಿಕೊಳ್ಳಿ

ನಮ್ಮ ಕಡೆಯವರು ಜಾಸ್ತಿ ಎಡವುವುದು ಇಲ್ಲೇ. ನಮ್ಮ ಹೆಸರುಗಳಲ್ಲಿ ಇನಿಶಿಯಲ್ ಇರುತ್ತದೆ, ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಆಧಾರ್‌ನಲ್ಲಿ 'ಮಂಜುನಾಥ ಎಚ್ ಆರ್' ಆಗಿದ್ದವರು ಪ್ಯಾನ್‌ನಲ್ಲಿ 'ಹೊಸಹಳ್ಳಿ ರಾಮಯ್ಯ ಮಂಜುನಾಥ್' ಆಗಿರುತ್ತಾರೆ. ಸಂಬಳದ ಖಾತೆಯಲ್ಲಿ ಬರೀ 'ಮಂಜುನಾಥ್'. ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ಒಂದು 'ಎ' ಅಕ್ಷರ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಮ್ಮ ಕಣ್ಣಿಗೆ ಮೂವರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಜನ.

ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಹುಟ್ಟಿದ ತಾರೀಖನ್ನೂ ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ. ಹಾಗಾಗಿ ಯಾವ ರೂಪ ಉಳಿಸಿಕೊಳ್ಳಬೇಕು ಅಂತ ಮೊದಲು ಮನೆಯಲ್ಲಿ ಕೂತು ತೀರ್ಮಾನ ಮಾಡಿ, ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ. ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ರೂಪವನ್ನೇ ಹಿಡಿದರೆ ಮುಂದೆ ಪಾಸ್‌ಪೋರ್ಟಿಗೂ ಅನುಕೂಲ.

ವಿಳಾಸದ ಕಥೆ ಬೇರೆ. ಆಧಾರ್‌ನಲ್ಲಿ ಊರಿನ ಮನೆ, ನೀವಿರುವುದು ಬೆಂಗಳೂರಿನ ಪಿಜಿಯಲ್ಲಿ. ಊರಿನ ಪಿನ್‌ಕೋಡಿಗೆ ಆ ಬ್ಯಾಂಕ್ ಕಾರ್ಡ್ ಕೊಡದೆ ಇರಬಹುದು. ಕೊಟ್ಟರೂ ಕಾರ್ಡ್ ಊರಿಗೆ ಹೋಗಿ, ತೆಗೆದುಕೊಳ್ಳುವವರಿಲ್ಲದೆ ವಾಪಸ್ ಹೋಗುತ್ತದೆ. ಈಗ ಇರುವ ವಿಳಾಸಕ್ಕೆ ಯಾವ ದಾಖಲೆ ಒಪ್ಪುತ್ತಾರೆ, ಆಫೀಸ್ ವಿಳಾಸಕ್ಕೆ ಕಳಿಸುತ್ತಾರಾ ಅಂತ ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ.

ಹಂತ 3: ಯಾವ ಬಾಗಿಲು ತಟ್ಟಬೇಕು

ಇರುವುದು ಎರಡು ಬಾಗಿಲು.

ಮೊದಲನೆಯದು ನಿಮ್ಮ ಸಂಬಳ ಬೀಳುವ ಬ್ಯಾಂಕು. ಆರು ತಿಂಗಳು ತಪ್ಪದೆ ಸಂಬಳ ಬಂದಿದ್ದರೆ, ಖಾತೆಯಲ್ಲಿ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಆಗದಿದ್ದರೆ, ಆ ಬ್ಯಾಂಕಿಗೆ ನಿಮ್ಮ ಆದಾಯ ಖರ್ಚು ಎರಡೂ ಕಾಣುತ್ತದೆ. ಇತಿಹಾಸ ಇಲ್ಲದ ಕೊರತೆಯನ್ನು ಅದು ತುಂಬುತ್ತದೆ. ನೆಟ್‌ಬ್ಯಾಂಕಿಂಗ್ ಅಥವಾ ಬ್ಯಾಂಕಿನ ಸ್ವಂತ ಆ್ಯಪ್‌ಗೆ ಹೋಗಿ, ಕಾರ್ಡ್ ವಿಭಾಗದಲ್ಲಿ ಪ್ರೀ-ಅಪ್ರೂವ್ಡ್ ಆಫರ್ (ಬ್ಯಾಂಕೇ ಮೊದಲೇ ಒಪ್ಪಿಟ್ಟದ್ದು) ಇದೆಯಾ ನೋಡಿ. ಇದ್ದರೆ ಅದನ್ನೇ ತೆಗೆದುಕೊಳ್ಳಿ, ಲಿಮಿಟ್ (ಕಾರ್ಡಿನಲ್ಲಿ ಖರ್ಚು ಮಾಡಬಹುದಾದ ಮಿತಿ) ಕಮ್ಮಿ ಇದ್ದರೂ ಪರವಾಗಿಲ್ಲ. ಇಲ್ಲದಿದ್ದರೆ ಸುಮ್ನೆ ಅರ್ಜಿ ಹಾಕಿ ನೋಡೋಣ ಅನ್ನಬೇಡಿ.

ಎರಡನೆಯದು ಎಫ್‌ಡಿ ಮೇಲೆ ಕೊಡುವ ಕಾರ್ಡ್. ವಿದ್ಯಾರ್ಥಿಗಳು, ಮನೆಯಲ್ಲಿರುವ ಹೆಣ್ಣುಮಕ್ಕಳು, ಆಟೋ ಓಡಿಸುವವರು, ಸಣ್ಣ ಅಂಗಡಿಯವರು, ಈಗಷ್ಟೇ ಕೆಲಸಕ್ಕೆ ಸೇರಿದವರು, ಆಗಲೇ ಎರಡು ಮೂರು ಕಡೆ ರಿಜೆಕ್ಟ್ ಆದವರು, ಇವರಿಗೆಲ್ಲ ನಾನು ಹೇಳುವುದು ಇದೊಂದನ್ನೇ. ನಿಮ್ಮದೇ ದುಡ್ಡು ಬ್ಯಾಂಕಿನಲ್ಲಿ ಅಡ ಇರುವುದರಿಂದ ಇಲ್ಲಿ ರಿಜೆಕ್ಟ್ ಆಗುವುದು ಅಪರೂಪ. ಬೇರೆ ಕಾರ್ಡಿನ ಹಾಗೆಯೇ ಇದರ ಲೆಕ್ಕವೂ ಸಿಬಿಲ್‌ಗೆ ಹೋಗುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದು ಅಂತ ಆರ್‌ಬಿಐ 2025ರ ಜನವರಿಯ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸಲಹೆ ಕೊಟ್ಟಿದೆ. ಅದೇ ವರ್ಷ ಹಣಕಾಸು ಸಚಿವಾಲಯ ಲೋಕಸಭೆಯಲ್ಲೂ ಇದನ್ನು ಹೇಳಿತು. ಹಾಗಂತ ಕಾರ್ಡ್ ಕೊಡಲೇಬೇಕು ಅಂತ ಆಗುವುದಿಲ್ಲ. ಆದಾಯ, ಕೆಲಸ, ವಯಸ್ಸು, ಊರು ಇವನ್ನು ನೋಡಿ ಬ್ಯಾಂಕು ಬೇಡ ಅನ್ನಬಹುದು.

ಹಂತ 4: ಎಫ್‌ಡಿ ಮಾಡಿಸಿ, ಅರ್ಜಿ ಹಾಕಿ

ಎಫ್‌ಡಿ ಮಾಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿ: ಇದರ ಮೇಲೆ ಕಾರ್ಡ್ ಕೊಡುತ್ತೀರಾ, ಕನಿಷ್ಠ ಎಷ್ಟು ಇಡಬೇಕು, ಎಷ್ಟು ಪರ್ಸೆಂಟ್ ಲಿಮಿಟ್, ವರ್ಷದ ಫೀಸ್ ಎಷ್ಟು? ಉದಾಹರಣೆಗೆ ಎಸ್‌ಬಿಐ ಕಾರ್ಡ್‌ನ ಉನ್ನತಿ ಕಾರ್ಡನ್ನು 25,000 ರೂಪಾಯಿ ಎಫ್‌ಡಿ ಮೇಲೆ, ಮೊದಲ ನಾಲ್ಕು ವರ್ಷ ಫೀಸ್ ಇಲ್ಲದೆ ಕೊಡುವ ಯೋಜನೆಯಾಗಿ ತಂದಿದ್ದರು. ಬೇರೆ ಸರ್ಕಾರಿ, ಖಾಸಗಿ ಬ್ಯಾಂಕುಗಳಲ್ಲೂ ಇಂಥವು ಇವೆ. ಷರತ್ತು ಆಗಾಗ ಬದಲಾಗುವುದರಿಂದ ನೀವು ಹೋಗುವ ದಿನದ ದರವನ್ನೇ ಕೇಳಿ. ಲಿಮಿಟ್ ಸಾಮಾನ್ಯವಾಗಿ ಎಫ್‌ಡಿಯ ಮುಕ್ಕಾಲು ಭಾಗದಿಂದ ಪೂರ್ತಿ ಮೊತ್ತದವರೆಗೆ ಇರುತ್ತದೆ.

ಇಲ್ಲಿ ಆಗುವ ತಪ್ಪುಗಳು:

- ಐದು ವರ್ಷದ ಟ್ಯಾಕ್ಸ್ ಸೇವಿಂಗ್ ಎಫ್‌ಡಿ ಮಾಡಿಸುವುದು. ಅದನ್ನು ಅಡ ಇಡಲು ಬರುವುದಿಲ್ಲ.
- ಅಮ್ಮನ ಜೊತೆ ಜಂಟಿ ಹೆಸರಲ್ಲಿ ಇಡುವುದು. ನಿಮ್ಮೊಬ್ಬರ ಹೆಸರಲ್ಲೇ ಇರಲಿ, ಅಮ್ಮನನ್ನು ನಾಮಿನಿ ಮಾಡಿ.
- ಆಟೋ ರಿನ್ಯೂವಲ್ ಹಾಕದೆ ಬಿಡುವುದು. ಎಫ್‌ಡಿ ಅವಧಿ ಮುಗಿದರೆ ಕಾರ್ಡಿಗೂ ತೊಂದರೆ.
- ಮಗಳ ಫೀಸಿಗೆ, ಮನೆಯ ಅಡ್ವಾನ್ಸಿಗೆ ಬೇಕಾಗುವ ದುಡ್ಡನ್ನು ಇಡುವುದು. ಬ್ಯಾಂಕು ಎಫ್‌ಡಿ ಮೇಲೆ ಲಿಯನ್, ಅಂದರೆ ಅಡದ ಹಿಡಿತ, ಹಾಕುತ್ತದೆ. ಕಾರ್ಡ್ ಇರುವ ತನಕ ಮುರಿಯಲು ಆಗುವುದಿಲ್ಲ. ಬಡ್ಡಿ ಮಾತ್ರ ಎಂದಿನಂತೆ ಬರುತ್ತಿರುತ್ತದೆ.

ಅರ್ಜಿಯಲ್ಲಿ ಸಂಬಳ ಇದ್ದಷ್ಟೇ ಬರೆಯಿರಿ. ವಿಡಿಯೊ ಕೆವೈಸಿ (ವಿಡಿಯೊ ಕಾಲ್‌ನಲ್ಲಿ ಗುರುತು ಪರಿಶೀಲನೆ) ಇದ್ದರೆ ಹಗಲು ಹೊತ್ತಲ್ಲಿ, ಬೆಳಕಿರುವ ಕೋಣೆಯಲ್ಲಿ ಕೂತು ಮಾಡಿ. ಮೂಲ ಪ್ಯಾನ್ ಕಾರ್ಡ್ ಕೈಯಲ್ಲಿರಲಿ, ಜೆರಾಕ್ಸ್ ತೋರಿಸಿದರೆ ನಡೆಯುವುದಿಲ್ಲ. ಲೊಕೇಶನ್ ಆನ್ ಇರಲಿ.

ಒಂದು ಅರ್ಜಿ ಹಾಕಿದ ಮೇಲೆ ಅದರ ತೀರ್ಮಾನ ಬರುವ ತನಕ ಇನ್ನೊಂದು ಹಾಕಬೇಡಿ. ಮಾಲ್‌ನಲ್ಲಿ, ಪೆಟ್ರೋಲ್ ಬಂಕ್‌ನಲ್ಲಿ ಟೇಬಲ್ ಹಾಕಿಕೊಂಡು ನಿಂತಿರುವವರ ಹತ್ತಿರ ಅರ್ಜಿ ತುಂಬಿಸಿದರೆ ಅದು ಯಾವ ಬ್ಯಾಂಕಿಗೆ, ಎಷ್ಟು ಬ್ಯಾಂಕಿಗೆ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ. 'ಲೈಫ್‌ಟೈಮ್ ಫ್ರೀ' ಅಂದರೆ ಬ್ಯಾಂಕಿನ ಕಾಗದದಲ್ಲಿ ಹಾಗೆ ಬರೆದಿದೆಯಾ ಅಂತ ನೋಡಿ.

ಹಂತ 5: ರಿಜೆಕ್ಟ್ ಆದರೆ

ಬೇಜಾರಾಗುತ್ತದೆ, ನಿಜ. ಆದರೆ ಆ ಸಿಟ್ಟಿನಲ್ಲಿ ಅದೇ ಸಂಜೆ ಇನ್ನೊಂದು ಕಡೆ ಅರ್ಜಿ ಹಾಕಬೇಡಿ.

ಮೊದಲು ಕಾರಣ ಕೇಳಿ. ರಿಜೆಕ್ಟ್ ಮಾಡಿದರೆ ಅದರ ನಿರ್ದಿಷ್ಟ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತ ಆರ್‌ಬಿಐನ ಕಾರ್ಡ್ ನಿರ್ದೇಶನದಲ್ಲೇ ಇದೆ. 'ಆಂತರಿಕ ನೀತಿ' ಅಂತ ಒಂದು ಸಾಲು ಬಂದರೆ ಈ ನಿಯಮವನ್ನು ಹೇಳಿ ಮತ್ತೆ ಇಮೇಲ್ ಹಾಕಿ. ವಿಳಾಸವೋ ಹೆಸರೋ ಹೊಂದಿಲ್ಲ ಅಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. ಇತಿಹಾಸ ಇಲ್ಲ, ಆದಾಯ ಸಾಲದು ಅಂದರೆ ಎಫ್‌ಡಿ ಕಾರ್ಡ್ ಹಿಡಿಯಿರಿ. ಸಾಮಾನ್ಯ ಕಾರ್ಡಿಗೆ ಮತ್ತೆ ಕೇಳುವುದಾದರೆ ಆರು ತಿಂಗಳು ಬಿಡಿ.

ಹಂತ 6: ಕಾರ್ಡ್ ಕೈಗೆ ಬಂದ ದಿನ

ಹೊಸ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ ಮೊದಲಿಗೆ ಬಂದ್ ಆಗಿರುತ್ತದೆ. ಸುರಕ್ಷತೆಗೆ ಆರ್‌ಬಿಐ ಮಾಡಿದ ನಿಯಮ ಅದು. ಕಾರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆ್ಯಪ್‌ನಲ್ಲಿ ಪಿನ್ ಹಾಕಿ, ದೇಶದ ಒಳಗಿನ ಆನ್‌ಲೈನ್ ಬಳಕೆ ಆನ್ ಮಾಡಿ. ವಿದೇಶಿ ಬಳಕೆ ಬೇಡದಿದ್ದರೆ ಆಫ್ ಇರಲಿ. ಬ್ಯಾಂಕು ಕಾರ್ಡ್ ಕೊಟ್ಟ ತಾರೀಖಿನಿಂದ 30 ದಿನದೊಳಗೆ ಚಾಲೂ ಮಾಡದಿದ್ದರೆ ಬ್ಯಾಂಕು ಒಟಿಪಿ ಕಳಿಸಿ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಸಿಗದಿದ್ದರೆ ಕಾರ್ಡ್ ಬಂದ್ ಆಗುತ್ತದೆ.

ರುಪೇ ಕ್ರೆಡಿಟ್ ಕಾರ್ಡ್ ಆಗಿದ್ದರೆ ಯುಪಿಐಗೆ ಜೋಡಿಸಬಹುದು. ಅಂಗಡಿಯ ಕ್ಯೂಆರ್‌ಗೆ ಕಟ್ಟಬಹುದು, ಸ್ನೇಹಿತನ ನಂಬರಿಗೆ ದುಡ್ಡು ಕಳಿಸಲು ಬರುವುದಿಲ್ಲ.

ಎಟಿಎಂನಲ್ಲಿ ಈ ಕಾರ್ಡ್ ಹಾಕಿ ದುಡ್ಡು ತೆಗೆಯಲೇಬೇಡಿ. ತೆಗೆದ ದಿನದಿಂದಲೇ ಬಡ್ಡಿ ಶುರು, ಮೇಲಿಂದ ಫೀಸ್ ಬೇರೆ.

ಹಂತ 7: ಮೊದಲ ಆರು ತಿಂಗಳು, ಒಂದೊಂದು ಬಿಲ್ಲೂ

ಕಾರ್ಡ್ ಸಿಕ್ಕ ಮಾತ್ರಕ್ಕೆ ಸ್ಕೋರ್ ಬರುವುದಿಲ್ಲ. ಸುಮಾರು ಆರು ತಿಂಗಳ ಲೆಕ್ಕ ಸೇರಿದ ಮೇಲೆ ಬರುತ್ತದೆ. ಅದು ಎಷ್ಟು ಬರಬೇಕು ಅನ್ನುವುದು ಈ ಆರು ಬಿಲ್ಲಿನಲ್ಲಿ ತೀರ್ಮಾನ ಆಗುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಬಿಲ್ಲಿನಲ್ಲಿ ಎರಡು ತಾರೀಖು ಇರುತ್ತವೆ. ನಿಮ್ಮ ಬಿಲ್ ತಯಾರಾಗುವುದು ಪ್ರತಿ ತಿಂಗಳು 18ಕ್ಕೆ, ಕಟ್ಟಲು ಕೊನೆಯ ದಿನ ಮುಂದಿನ 7 ಅಂತ ಇಟ್ಟುಕೊಳ್ಳಿ. ಜೂನ್ 19ಕ್ಕೆ ಕೊಂಡ ಸಾಮಾನು ಜುಲೈ 18ರ ಬಿಲ್ಲಿಗೆ ಬಂದು, ಆಗಸ್ಟ್ 7ಕ್ಕೆ ಕಟ್ಟಬೇಕಾಗುತ್ತದೆ. 49 ದಿನ ಸಿಕ್ಕಿತು. ಅದೇ ಜುಲೈ 17ಕ್ಕೆ ಕೊಂಡರೆ ಸಿಗುವುದು 21 ದಿನ ಮಾತ್ರ. 'ಐವತ್ತು ದಿನ ಬಡ್ಡಿ ಇಲ್ಲ' ಅನ್ನುವ ಮಾತನ್ನು ಎಲ್ಲ ಖರೀದಿಗೂ ಅಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ಮೊತ್ತಗಳು. ಬಿಲ್ಲಿನಲ್ಲಿ ಟೋಟಲ್ ಅಮೌಂಟ್ ಡ್ಯೂ (ಪೂರ್ತಿ ಬಾಕಿ) ಅಂತ ಒಂದು, ಮಿನಿಮಮ್ ಅಮೌಂಟ್ ಡ್ಯೂ (ಕನಿಷ್ಠ ಕಟ್ಟಬೇಕಾದ ಮೊತ್ತ) ಅಂತ ಇನ್ನೊಂದು ಇರುತ್ತದೆ. ಬಿಲ್ 10,000, ಮಿನಿಮಮ್ 500 ಅಂದುಕೊಳ್ಳಿ. ನೀವು 500 ಕಟ್ಟಿದಿರಿ. ಉಳಿದ 9,500ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಸುಮಾರು 332, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 60. ಒಟ್ಟು 390ರ ಮೇಲೆ. ಮುಂದಿನ ತಿಂಗಳು ಮತ್ತೆ 500 ಕಟ್ಟಿದರೆ ಅಸಲಿಗೆ ಹೋಗುವುದು ನೂರು ಚಿಲ್ಲರೆ. ಅಷ್ಟೇ ಅಲ್ಲ, ಹಳೆಯದು ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ ಬೀಳುತ್ತದೆ. ನಾನು ನೋಡಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದ ಶುರುವಾದವು.

ಆಟೋ ಡೆಬಿಟ್ ಹಾಕಿ, ಹಾಕುವಾಗ ಟೋಟಲ್ ಆರಿಸಿಕೊಂಡಿದ್ದೀರಾ ಅಂತ ಎರಡು ಸಲ ನೋಡಿ. ಕಟ್ಟಲು ಮೂರು ದಿನ ತಡವಾದರೆ ಲೇಟ್ ಫೀಸ್ ಇಲ್ಲ, ಸಿಬಿಲ್‌ಗೂ ಹೇಳುವುದಿಲ್ಲ ಅನ್ನುವ ನಿಯಮ ಇದೆ. ಅದು ಆಪತ್ತಿಗೆ ಮಾತ್ರ ಇರಲಿ.

ಎಫ್‌ಡಿ ಕಾರ್ಡಿನವರಿಗೆ ಒಂದು ಮಾತು. 'ಎಫ್‌ಡಿ ಇದೆಯಲ್ಲ, ಬ್ಯಾಂಕಿನವರೇ ಹಿಡಿದುಕೊಳ್ಳುತ್ತಾರೆ' ಅಂತ ಬಿಲ್ ಬಿಡುವವರಿದ್ದಾರೆ. ಅವರು ಹಿಡಿದುಕೊಳ್ಳುವುದು ಬಾಕಿ ಬೆಳೆದ ಮೇಲೆ. ಅಷ್ಟರಲ್ಲಿ ತಡವಾದ ಒಂದೊಂದು ತಿಂಗಳೂ ರಿಪೋರ್ಟಿಗೆ ಹೋಗಿರುತ್ತದೆ. ದುಡ್ಡೂ ಹೋಯಿತು, ಹೆಸರೂ ಹೋಯಿತು.

ಲಿಮಿಟ್ 20,000 ಇದ್ದರೆ 6,000ದ ಒಳಗೆ ಬಳಸಿ. ಮೂವತ್ತು ಪರ್ಸೆಂಟ್ ಅನ್ನುವುದು ಕಾನೂನಲ್ಲ, ಅನುಭವದ ಲೆಕ್ಕ. ಒಂದು ತಿಂಗಳು ಜಾಸ್ತಿ ಖರ್ಚಾದರೆ ಬಿಲ್ ತಯಾರಾಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ. ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್, ತಿಂಗಳ ದಿನಸಿ, ಹೇಗೂ ಮಾಡುವ ಇಂಥ ಖರ್ಚಿಗೆ ಮಾತ್ರ ಬಳಸಿದರೆ ಕಟ್ಟುವ ದುಡ್ಡು ಕೈಯಲ್ಲೇ ಇರುತ್ತದೆ.

ಇವು ಕಂಡರೆ ಅಲ್ಲೇ ನಿಲ್ಲಿ

- ಕಾರ್ಡ್ ಮಂಜೂರಾಗಲು ಮೊದಲು 'ಪ್ರೊಸೆಸಿಂಗ್ ಫೀಸ್' ಅಂತ ಯುಪಿಐ ನಂಬರಿಗೆ ಕಳಿಸಿ ಅನ್ನುವುದು. ಬ್ಯಾಂಕಿನ ಫೀಸ್ ಮೊದಲ ಬಿಲ್ಲಿನಲ್ಲಿ ಬರುತ್ತದೆ.
- ಲಿಮಿಟ್ ಹೆಚ್ಚಿಸುತ್ತೇವೆ, ಒಟಿಪಿ ಹೇಳಿ ಅನ್ನುವ ಫೋನ್.
- ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ಅನ್ನುವುದು.
- '15 ದಿನದಲ್ಲಿ ಸಿಬಿಲ್ 750 ಮಾಡಿಕೊಡುತ್ತೇವೆ' ಅನ್ನುವ ಜಾಹೀರಾತು.
- ನೀವು ಕೇಳದ ಇನ್ಶೂರೆನ್ಸ್ ಬಿಲ್ಲಿನಲ್ಲಿ ಕಾಣಿಸುವುದು.

ದುಡ್ಡು ಹೋದರೆ ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಒಂದು ಗಂಟೆ ತಡ ಮಾಡಿದರೂ ವಾಪಸ್ ಸಿಗುವ ಸಾಧ್ಯತೆ ಕಮ್ಮಿಯಾಗುತ್ತದೆ. ಬ್ಯಾಂಕಿನ ಜೊತೆ ತಕರಾರು ಇದ್ದರೆ ಬ್ಯಾಂಕಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಆರ್‌ಬಿಐನ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಸಹಾಯಕ್ಕೆ 14448. ಫೀಸ್ ಇಲ್ಲ.

ಹಂತ 8: ಎಫ್‌ಡಿ ಕಾರ್ಡಿನಿಂದ ಸಾಮಾನ್ಯ ಕಾರ್ಡಿಗೆ

ಏಳನೇ ತಿಂಗಳಲ್ಲಿ ಮತ್ತೆ ರಿಪೋರ್ಟ್ ತೆಗೆಯಿರಿ, ಈ ಸಲ ಬೇರೆ ಸಂಸ್ಥೆಯಿಂದ. -1 ಇದ್ದ ಜಾಗದಲ್ಲಿ ಮೂರು ಅಂಕಿ ಇರಬೇಕು. 750ರ ಆಸುಪಾಸು ಇದ್ದರೆ ಒಳ್ಳೆಯದು. ಒಂದೊಂದು ತಿಂಗಳ ಎದುರೂ ಸರಿಯಾಗಿ ಕಟ್ಟಿದ್ದೀರಿ ಅಂತ ಇದೆಯಾ ನೋಡಿ. ಆಮೇಲೆ ಸಂಬಳದ ಬ್ಯಾಂಕಿಗೆ ಹೋಗಿ, ಒಂದೇ ಒಂದು ಅರ್ಜಿ ಹಾಕಿ. ಸ್ಕೋರ್ ಬರದಿದ್ದರೆ ಇನ್ನೂ ಮೂರು ತಿಂಗಳು ಹೀಗೇ ನಡೆಸಿ.

ಹೊಸ ಕಾರ್ಡ್ ಬಂದ ಕೂಡಲೇ ಹಳೆಯದನ್ನು ಮುಚ್ಚಲು ಓಡಬೇಡಿ. ನಿಮ್ಮ ಇತಿಹಾಸ ಇರುವುದೇ ಅದರಲ್ಲಿ. ಫೀಸ್ ಇಲ್ಲದಿದ್ದರೆ, ಎಫ್‌ಡಿ ದುಡ್ಡು ಬೇಕಿಲ್ಲದಿದ್ದರೆ ಇನ್ನೊಂದು ವರ್ಷ ಇಟ್ಟುಕೊಂಡು ತಿಂಗಳಿಗೊಂದು ರೀಚಾರ್ಜ್ ಮಾಡುತ್ತಿರಿ.

ಮುಚ್ಚುವ ಸಮಯ ಬಂದಾಗ ಬಾಕಿ ಪೂರ್ತಿ ತೀರಿಸಿ, ಇಮೇಲ್‌ನಲ್ಲಿ ಅರ್ಜಿ ಕೊಡಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ ನಿಯಮ. 'ನೋ ಡ್ಯೂಸ್' ಪತ್ರ ಕೇಳಿ ಪಡೆಯಿರಿ. ಎಫ್‌ಡಿ ಮೇಲಿನ ಲಿಯನ್ ತಾನಾಗಿಯೇ ಹೋಗುತ್ತದೆ ಅಂತ ಕೂರಬೇಡಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಎಫ್‌ಡಿ ತೆರೆದು ಲಿಯನ್ ಮೊತ್ತ ಸೊನ್ನೆ ಆಗಿದೆಯಾ ನೋಡಿ, ಆಗಿಲ್ಲದಿದ್ದರೆ ಆ ಪತ್ರ ಹಿಡಿದು ಬ್ರಾಂಚಿಗೆ ಹೋಗಿ ತೆಗೆಸಿ.